ಜಗಲಿಯ ಜ್ಞಾನಪಂಥ

ಮಹದೇವಯ್ಯ ಮೇಷ್ಟ್ರು ತೀರಿಕೊಂಡ ವರ್ಷಕ್ಕೆ ಅವರ ಪಾಠಗಳ ಪುಸ್ತಕ ತರುತ್ತೇನೆಂದು ಹೊರಟವನು ರಾಜೇಂದ್ರ. ಮಳವಳ್ಳಿಯ ಅವರ ಜಗಲಿಯಲ್ಲಿ ಇಪ್ಪತ್ತೆರಡು ವರ್ಷ ಭಾನುವಾರ ತಪ್ಪಿಸದೆ ಕೂತವನು, ಈಗ ತಾನೂ ಇತಿಹಾಸದ ಮೇಷ್ಟ್ರು. ಬುದ್ಧನ ದಾರಿ ಹಿಡಿದಿದ್ದ ಮಹದೇವಯ್ಯನವರಿಗೆ ಯಾವ ಧರ್ಮ ಹೇಗೆ ಒಡೆಯಿತು ಎನ್ನುವುದೇ ಹುಚ್ಚು. ಯೇಸು ಹೋದ ಮೇಲೆ ಯೆಹೂದಿ ಕಟ್ಟಳೆ ಬಿಡೆವು ಎಂದವರು, ಅದು ಬೇಡವೇ ಬೇಡ ಎಂದವರು, ಅರಿವೊಂದೇ ಬಿಡುಗಡೆ ಎಂದ ಜ್ಞಾನಪಂಥದವರು, ಇವರೆಲ್ಲರ ಜಗಳವನ್ನೂ ಪಕ್ಕದ ಬೀದಿಯ ದಾಯಾದಿಗಳದ್ದೇನೋ ಎಂಬಂತೆ ಹೇಳುತ್ತಿದ್ದರು.

ಎಲ್ಲ ಸರಿಯಿತ್ತು, ಪುಸ್ತಕದ ಕೆಲಸ ನಡೆದಿದ್ದಾಗ ಒಂದು ದಿನ ಶಾಲಿನಿ ಆ ಜಗಲಿಗೆ ಬರುವ ತನಕ. ಮದ್ದೂರಿನ ಬ್ಯಾಂಕಿನಲ್ಲಿ ಕೆಲಸ ಮಾಡುವ ಆ ಹುಡುಗಿ ಪಾಠಕ್ಕೆ ಸೇರಿದ್ದೇ ಮೇಷ್ಟ್ರ ಕೊನೆಯ ವರ್ಷ. ಒಂದು ನೋಟ್‌ಬುಕ್ ಮುಂದಿಟ್ಟಳು.

"ಸರ್, ಜ್ಞಾನಪಂಥದ ಬಗ್ಗೆ. ಮೇಷ್ಟ್ರು ಹಾಸಿಗೆ ಹಿಡಿದಾಗ ನಂಗೆ ಹೇಳಿ ಬರೆಸಿದ್ದು. ಇದನ್ನೂ ಸೇರಿಸ್ತೀರಾ?"

ತನಗೆ ಹೇಳದ್ದನ್ನು ನಿನ್ನೆ ಮೊನ್ನೆ ಬಂದ ಇವಳಿಗೆ ಹೇಳಿದರೇ? ರಾಜೇಂದ್ರ ಅದನ್ನು ಪಕ್ಕಕ್ಕೆ ಸರಿಸಿದ. ಆ ಪಂಥದವರೂ ಹೀಗೇ ಅಲ್ಲವೇ, ಗುರು ನಮಗೆ ಮಾತ್ರ ಗುಟ್ಟಾಗಿ ಹೇಳಿದ ಎಂದವರು? ಉಳಿದ ಕ್ರೈಸ್ತರು ಅವರ ಪುಸ್ತಕಗಳನ್ನು ಬೈಬಲ್ಲಿಗೆ ಸೇರಿಸದೆ ಹೊರಗಿಟ್ಟದ್ದು ನ್ಯಾಯವೇ ಎಂದು ಅವನಿಗೆ ಮೊದಲ ಸಲ ಅನ್ನಿಸಿತು.

"ಮೇಷ್ಟ್ರು ಇಂಥದ್ದೆಲ್ಲ ಹೇಳೋರಲ್ಲ," ಎಂದ, ಒಂದು ಪುಟವನ್ನೂ ತೆರೆಯದೆ.

ಮೇಷ್ಟ್ರ ಹೆಂಡತಿ ದೇವಿರಮ್ಮ ಒಳಗಿನಿಂದ ಬಂದರು. "ಏಳವ್ರೆ ಕಣಪ್ಪ. ನಾನೇ ಪಕ್ದಲ್ಲಿ ಕೂತ್ಕಂಡು ಕೇಳಿವ್ನಿ. ಈ ಮಗಿನ್ ಮ್ಯಾಲೆ ಯಾಕ್ಲಾ ನಿಂಗೆ ಒಟ್ಟೆ ಉರಿ?"

"ಒಟ್ಟೆ ಉರಿ ಅಲ್ಲ ಕಣವ್ವ, ಪುಟ ತುಂಬೋಗದೆ," ಎಂದು ಸುಳ್ಳು ಹೇಳಿದ. ಸಾಲದ್ದಕ್ಕೆ ಮುನ್ನುಡಿಯಲ್ಲಿ ಒಂದು ಮಾತು ಸೇರಿಸಿದ: "ಮೇಷ್ಟ್ರು ಹೇಳಿದ್ದು ಇಷ್ಟೇ. ಇದರಾಚೆಯದು ಯಾವುದೂ ಅವರದಲ್ಲ."

ಮಂಡ್ಯದಲ್ಲಿ ಪುಸ್ತಕ ಬಿಡುಗಡೆಯಾಗಿ, ಅಂದೇ ಊರೂರಿಗೆ ಹೋಯಿತು. ಸಭೆ ಮುಗಿದಾಗ ಶಾಲಿನಿ ಬಂದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಅದನ್ನು ಕಂಡು ಅವನಿಗೆ ಇನ್ನಷ್ಟು ಉರಿಯಿತು.

"ಅವತ್ತು ನೀವು ತೆರೆದು ನೋಡ್ಲೇ ಇಲ್ಲ ಸರ್. ಕೊನೇ ಪುಟ ಮೇಷ್ಟ್ರೇ ಬರೆದಿದ್ದು."

ಅವಳು ಆ ಪುಟ ತೆರೆದು ತೋರಿಸಿದಳು. ಸಾಲು ಸೊಟ್ಟಗಿದ್ದರೂ ಮೇಷ್ಟ್ರದೇ ಅಕ್ಷರ. "ನನ್ನ ಕೈಲಿ ಇಷ್ಟೇ ಆಯಿತು. ಉಳಿದದ್ದನ್ನು ರಾಜೇಂದ್ರ ಹೇಳಿಕೊಡುತ್ತಾನೆ. ಈ ವಿಷಯದಲ್ಲಿ ಅವನು ನನಗಿಂತ ಬಲ್ಲವನು. ಅವನು ಹೇಳಿದ್ದನ್ನು ನಾನೇ ಹೇಳಿದ್ದು ಎಂದು ಬರೆದುಕೋ."

ಶಾಲಿನಿ ಪೆನ್ನಿನ ಮುಚ್ಚಳ ತೆಗೆದಳು. "ಹೇಳಿ ಸರ್."

ರಾಜೇಂದ್ರ ಕೈಲಿದ್ದ ಹೊಸ ಪುಸ್ತಕದ ಮುನ್ನುಡಿ ತೆರೆದ. ಇನ್ನು ತಾನು ಏನು ಹೇಳಿದರೂ ಅದು ಮೇಷ್ಟ್ರದಲ್ಲ ಎಂದು ಅವನೇ ಅಚ್ಚು ಹಾಕಿಸಿದ್ದ.