ಹೇಳಿದಷ್ಟೇ

“ಶ್ವಾಸಕೋಶದಿಂದ ಬಂದ ರಕ್ತ ಮೊದಲು ಸೇರುವುದು ಹೃದಯದ ಬಲಭಾಗಕ್ಕೆ,” ಎಂದು ಗುಲಶನ ಇಂಗ್ಲಿಷಿನಲ್ಲಿ ಹೇಳಿದಳು. ಹೇಳುವಾಗ ಅವಳ ಬೆರಳು ಎದೆಯ ಎಡಕ್ಕೇ ಇತ್ತು.

ಪಕ್ಕದಲ್ಲಿ ಕೂತಿದ್ದ ತಂಗಿ ಸಲ್ಮಾಳ ಪೆನ್ನು ನಿಂತಿತು.

ಹತ್ತನೆಯ ತರಗತಿಯ ಪ್ರಿಲಿಮ್ಸ್ ಅದು. ಇದರಲ್ಲಿ ಫೇಲಾದರೆ ಶಾಲೆಯಿಂದ ಬೋರ್ಡ್ ಪರೀಕ್ಷೆಗೆ ಕೂರಿಸುವುದಿಲ್ಲವೆಂದು ಹೆಡ್‌ಮಿಸ್ ಹೇಳಿಬಿಟ್ಟಿದ್ದರು. ಗುಲಶನಳಿಗೆ ಪಾಠ ತಿಳಿಯುತ್ತಿತ್ತು, ಓದಲು ಬರೆಯಲು ಆಗುತ್ತಿರಲಿಲ್ಲ. ಎಡ ಬಲ ಎನ್ನುವ ಮಾತುಗಳೂ ಗಾಬರಿಯಾದರೆ ಬಾಯಲ್ಲಿ ಅದಲುಬದಲಾಗುತ್ತಿದ್ದವು. ಅವಳು ಹೇಳಿದ್ದನ್ನು ಕೆಳಗಿನ ತರಗತಿಯ ಹುಡುಗಿಯೊಬ್ಬಳು ಬರೆಯಬಹುದೆಂದು ಶಾಲೆ ಒಪ್ಪಿದ್ದರಿಂದ ಒಂಬತ್ತನೆಯಲ್ಲಿದ್ದ ಸಲ್ಮಾ ಬಂದು ಕೂತಿದ್ದಳು. ಅಕ್ಷರ ಕೂಡಿಸಿ ಓದಲು ಕಲಿತಂದಿನಿಂದ ಅಕ್ಕನ ಪಾಠಗಳನ್ನೆಲ್ಲ ಗಟ್ಟಿಯಾಗಿ ಓದಿ ಕೇಳಿಸಿದವಳು ಅವಳೇ. ನಿನ್ನೆ ತಾವಿದ್ದ ಚಾಳಿನ ಮೆಟ್ಟಿಲ ಮೇಲೆ ಗುಲಶನ ಇದೇ ಉತ್ತರವನ್ನು, ಎಡಭಾಗಕ್ಕೆ ಎಂದೇ, ಒಂದು ತಪ್ಪಿಲ್ಲದೆ ಒಪ್ಪಿಸಿದ್ದಳು.

“ಆಪಾ... ರೈಟ್?” ಎಂದು ಅಕ್ಕನನ್ನು ಕೇಳಿದಳು.

“ಏ, ಹಿಂಟ್ ನಹೀಂ,” ಮೇಲ್ವಿಚಾರಕಿ ಡೆಸ್ಕಿನ ಬಳಿಗೇ ಬಂದು ನಿಂತರು. “ವೋ ಜೋ ಬೋಲೇಗಿ, ವಹೀ ಲಿಖೋ. ಅವಳು ಹೇಳಿದಷ್ಟೇ ಬರಿ. ಮತ್ತೆ ಕೇಳಿದರೆ ಪೇಪರ್ ತಗೋತೀನಿ.”

ಸಲ್ಮಾ ಅಕ್ಕನ ಬೆರಳನ್ನು ನೋಡಿದಳು. ಅದು ಇನ್ನೂ ಎಡಕ್ಕೇ ಇತ್ತು.

“ಹಾಂ, ರೈಟ್. ಬರಿ, ಬರಿ, ಮರ್ತು ಹೋಗ್ತದ,” ಗುಲಶನ ಅವಸರಪಡಿಸಿದಳು. ಆ ದಿನ ಅವಳಿಗೆ ಪೂರ್ತಿ ಗೊತ್ತಿದ್ದ ಮೊದಲ ಪ್ರಶ್ನೆ ಅದು. ಮುಖ ಅರಳಿತ್ತು.

ಸಲ್ಮಾ ರೈಟ್ ಎಂದು ಬರೆದಳು. ಆಮೇಲಿನದೆಲ್ಲ ಹಾಗೆಯೇ ತಿರುವುಮುರುವಾಗುತ್ತ ಹೋಯಿತು. ಗುಲಶನ ಎಲ್ಲೂ ತಡವರಿಸಲಿಲ್ಲ. ಮೇಲ್ವಿಚಾರಕಿ ಅಲ್ಲಿಂದ ಕದಲಲಿಲ್ಲ. ಸಲ್ಮಾ ತನ್ನ ದುಂಡನೆಯ ಅಕ್ಷರಗಳಲ್ಲಿ ಪುಟ ತುಂಬಿಸಿದಳು.

ಗೇಟಿನಲ್ಲಿ ತಾಯಿ ಜೇಬುನ್ನೀಸಾ ಕಾದಿದ್ದಳು. “ಹ್ಯಾಂಗಾತು ಬೇಟಾ?”

“ಹಾರ್ಟ್ ಬಂದಿತ್ತು ಅಮ್ಮಿ! ನಾ ಪೂರಾ ಹೇಳೀನಿ. ಬೇಕಾದ್ರ ಸಲ್ಮಾಗ ಕೇಳು.”

ಜೇಬುನ್ನೀಸಾ ಸಣ್ಣವಳ ಕಡೆ ತಿರುಗಿದಳು. “ಎಲ್ಲಾ ಬರದೀ ಇಲ್ಲೋ?”

“ಆಪಾ ಹೇಳಿದ್ದೆಲ್ಲಾ ಬರದೀನಿ.”

“ನೆಟ್ಟಗ ಹೇಳಿದ್ಲೇನು?”

ಗುಲಶನ ನಗುತ್ತ ತಂಗಿಯನ್ನೇ ನೋಡುತ್ತಿದ್ದಳು.

“ಹೂಂ,” ಎಂದಳು ಸಲ್ಮಾ. “ನೆಟ್ಟಗ ಹೇಳಿದ್ಲು.”

ಸಾಂತಾಕ್ರೂಜ್ ಸ್ಟೇಷನ್ನಿನಲ್ಲಿ ತಾಯಿ ಇಬ್ಬರಿಗೂ ವಡಾಪಾವ್ ಕೊಡಿಸಿದಳು. ಗುಲಶನ ಗಬಗಬನೆ ತಿಂದು, ಮೆಣಸಿನಕಾಯಿ ಖಾರಕ್ಕೆ ಉಸ್ ಉಸ್ ಎನ್ನುತ್ತ ನೀರಿನ ನಲ್ಲಿಯತ್ತ ಓಡಿದಳು. ಸಲ್ಮಾಳದು ಕಾಗದದಲ್ಲಿ ಹಾಗೇ ಇತ್ತು.

“ಕೈ ನೋಯಾಕ ಹತ್ತೇದೇನು? ಕೊಡಿಲ್ಲೆ. ಎಷ್ಟ್ ಬರದದ ನೋಡ್ ಪಾಪ, ಈ ಕೈ.”

ಜೇಬುನ್ನೀಸಾ ಮಗಳ ಬಲಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬೆರಳನ್ನು ಒತ್ತತೊಡಗಿದಳು. ಮನೆಯ ಕಡೆಗೆ, ವಡಾಲಕ್ಕೆ ಹೋಗುವ ಲೋಕಲ್ ರೈಲು ಬಂತು. ಬಾಗಿಲ ತುಂಬ ಹೆಂಗಸರು ಜೋತುಬಿದ್ದಿದ್ದರು.

“ಹೋಗ್ಲಿ ಬಿಡು, ಮುಂದಿಂದ್ರಾಗ ಹೋಗೂಣು,” ಎಂದು ಹೆಬ್ಬೆರಳನ್ನು ಹಿಡಿದುಕೊಂಡಳು.