ತೋಳಿನ ಬಿಲ್ಲೆ, ಜೇಬಿನ ಫೋನು

ರಂಜಾನ್ ತಿಂಗಳಲ್ಲಿ ಬೂಫಾರಿಕ್ ಊರಿನಲ್ಲಿ ಜಿಲೇಬಿಯಂಥ ಜ್ಲಾಬಿಯಾ ಕರಿಯುವವನಿಂದ ಯಾರೂ ನಯವಾದ ಮಾತು ನಿರೀಕ್ಷಿಸಬಾರದು. ಬೆಳಗಿನಿಂದ ಗಂಟಲಿಗೆ ಹನಿ ನೀರಿಲ್ಲ, ಮುಂದೆ ಕಾದ ಎಣ್ಣೆ, ಪಕ್ಕದಲ್ಲಿ ಸಕ್ಕರೆ ಪಾಕ, ಎದುರಿಗೆ ನನ್ನಷ್ಟೇ ಹಸಿದು ನನ್ನಷ್ಟೇ ಸಿಡುಕುವ ಜನರ ಸಾಲು. ಸಾಲದ್ದಕ್ಕೆ ಆ ದಿನ ನನ್ನ ಅಂಗಿಯ ಜೇಬಿನಲ್ಲಿ ತಂಗಿಯ ಮಗಳು ಇಕ್ರಾಮಳ ಫೋನಿತ್ತು.

ತಂಗಿ ಝುಲೈಖಾ ಹೊಲಿಗೆ ಕಾರ್ಖಾನೆಗೆ ಹೋದ ದಿನ ಹುಡುಗಿ ಶಾಲೆ ಮುಗಿಸಿ ನನ್ನ ಅಂಗಡಿಗೆ ಬರುತ್ತಾಳೆ. ಒಂಬತ್ತು ವರ್ಷ. ಸಕ್ಕರೆ ಕಾಯಿಲೆ. ತೋಳಿಗೆ ಕೋಟಿನ ಗುಂಡಿಯಷ್ಟಗಲದ ಬಿಲ್ಲೆ ಅಂಟಿಸಿದ್ದಾರೆ. ರಕ್ತದಲ್ಲಿ ಸಕ್ಕರೆ ಎಷ್ಟಿದೆಯೆಂದು ಅದು ಬ್ಲೂಟೂತ್‌ನಲ್ಲಿ ಫೋನಿಗೆ ಹೇಳುತ್ತಿರುತ್ತದೆ. ಸಕ್ಕರೆ ಇಳಿದರೆ ಫೋನು ಕಿರುಚುತ್ತದೆ. ಆಗ ಕೂಡಲೇ ಸಿಹಿ ಕುಡಿಸಬೇಕು, ಇಲ್ಲದಿದ್ದರೆ ಹುಡುಗಿ ಕುಸಿದುಬೀಳುತ್ತಾಳೆ. ಚಳಿಗಾಲದಲ್ಲಿ ಒಮ್ಮೆ ಬಿದ್ದಿದ್ದಳು. ಅವಳನ್ನು ಹೊತ್ತುಕೊಂಡು ಆಸ್ಪತ್ರೆಗೆ ಓಡಿದವನು ನಾನೇ. ಅಂದಿನಿಂದ ಆ ಫೋನು ಜೇಬಿನಲ್ಲಿದ್ದರೆ ಎದೆಯ ಮೇಲೆ ಕೆಂಡ ಇಟ್ಟುಕೊಂಡಂತೆ.

"ಊಟ ಆಯ್ತೇನೇ?" ಎಂದೆ.

"ಅಜ್ಜಿ ಮನೇಲಿ ಆಯ್ತು ಮಾಮ." ಕಣ್ಣು ಮಾತ್ರ ಪಾಕದ ಕಡೆಗಿತ್ತು.

ಪಕ್ಕದ ಗೂಡಂಗಡಿಯ ರಾಬಹ ಫೋನಿನ ಕವರು, ಚಾರ್ಜರು ಮಾರುತ್ತಾನೆ. ನನ್ನ ಜೇಬು ನೋಡಿ ಇಣುಕಿದ. "ಖದ್ದೂರಣ್ಣ, ದಿನವಿಡೀ ಬ್ಲೂಟೂತ್ ಹಾಕಿಟ್ಟಿದ್ದೀಯಲ್ಲ, ಬ್ಯಾಟರಿ ಹೀರಿಬಿಡುತ್ತೆ. ಮೇಲಾಗಿ ಕಳ್ಳರಿಗೆ ಬಾಗಿಲು ತೆಗೆದಿಟ್ಟ ಹಾಗೆ. ಹಾದಿಲಿ ಹೋಗೋನು ಒಳಗೆ ಕೈಹಾಕ್ತಾನೆ."

"ನೀನು ಮಾರಿದ ಚಾರ್ಜರು ನನ್ನ ಗೋಡೆಯನ್ನೇ ಸುಟ್ಟಿತು. ಬಾಯಿ ಮುಚ್ಚು. ಇದು ಬಂದಾದರೆ ಅವಳ ತೋಳಿಗೂ ನನ್ನ ಜೇಬಿಗೂ ಮಾತು ನಿಂತಂತೆ."

"ಆಮೇಲೆ ಫೋನೇ ಸತ್ತರೆ ಏನು ಮಾತು? ನನ್ನನ್ನ ಬೈಬೇಡ ಅಷ್ಟೇ."

ಬಿಟ್ಟ ಬಾಣ ನಟ್ಟಿತು. ಕೈ ಹಿಟ್ಟು ಸುರಿಯುತ್ತಿದ್ದರೂ ಮನಸ್ಸು ಬ್ಯಾಟರಿಯಲ್ಲೇ ಇತ್ತು. ಎರಡು ಸಲ ತೆಗೆದು ನೋಡಿದೆ. ಎಣ್ಣೆಗೈಯ ಗುರುತು ಬಿತ್ತೇ ಹೊರತು ಬೇರೇನೂ ಆಗಿರಲಿಲ್ಲ. "ನಾನೇ ಇಟ್ಕೊಳ್ತೀನಿ ಮಾಮ, ನಿನ್ನ ಕೈಯೆಲ್ಲ ಜಿಡ್ಡು" ಎಂದಳು ಇಕ್ರಾಮ್. ಕೊಟ್ಟೆ.

ಸಾಲು ಬೆಳೆಯಿತು. ಸ್ವಲ್ಪ ಹೊತ್ತಿಗೆ ಫೋನು ಕುಯ್ಯೆಂದಿತು. ಜಾಲರಿ ಸೌಟು ಕೈಬಿಟ್ಟು ತಿರುಗಿದೆ.

"ಸಕ್ಕರೆ ಅಲ್ಲ ಮಾಮ. ಬ್ಯಾಟರಿ ಕಮ್ಮಿ ಅಂತ ಕೂಗ್ತಿದೆ."

ನಂಬಿದೆ. ರಾಬಹ ಹೇಳಿದ್ದೇ ಆಯಿತಲ್ಲ ಎಂದು ಫೋನನ್ನು ಅವನ ಅಂಗಡಿಯಲ್ಲೇ ಚಾರ್ಜಿಗೆ ಹಾಕಿಸಿ ಬಂದೆ. ಅವನ ಮೀಸೆಯೊಳಗಿನ ನಗು ನೋಡಿ ಮೈ ಉರಿಯಿತು.

ಆಮೇಲೆ ಇಕ್ರಾಮಳನ್ನೇ ನೋಡುತ್ತಿದ್ದೆ. ಮಾತೆತ್ತಿದರೆ ನೀರು ಕೇಳುವ ಹುಡುಗಿ ಶೀಶೆ ಮುಟ್ಟಿರಲಿಲ್ಲ. ತುಟಿ ಒಣಗಿ ಬಿರಿದಿತ್ತು. "ಅಜಾನ್‌ಗೆ ಇನ್ನೆಷ್ಟು ಹೊತ್ತು?" ಎಂದು ಕೇಳುತ್ತಲೇ ಇದ್ದಳು. ಊಟವಾದ ಹುಡುಗಿಗೆ ಉಪವಾಸ ಬಿಡಿಸುವ ಅಜಾನ್ ಏಕೆ? ಜ್ಲಾಬಿಯಾ ಡಬ್ಬಿಗೆ ಒಂದೊಂದೇ ಕಾಗದ ಹಾಸಬೇಕಾದವಳು ಒಂದರ ಮೇಲೊಂದು ಹಾಸುತ್ತಲೇ ಹೋದಳು. ಹಣೆಯಲ್ಲಿ ಬೆವರು, ಬೆರಳಲ್ಲಿ ನಡುಕ.

"ನಿಜ ಹೇಳು. ತಿಂದಿದ್ದೀಯಾ?"

"ಹ್ಞೂಂ."

ಲೋಟಕ್ಕೆ ಪಾಕ, ನೀರು ಸುರಿದು ಬಾಯಿಗೆ ಹಿಡಿದೆ. ಹಲ್ಲು ಕಚ್ಚಿ ಮುಖ ತಿರುಗಿಸಿದಳು. ಆಗ ಅರ್ಥವಾಯಿತು.

ನಮ್ಮಲ್ಲಿ ಮಕ್ಕಳ ಮೊದಲ ಉಪವಾಸವೆಂದರೆ ಸಣ್ಣ ಮದುವೆ ಇದ್ದಂತೆ. ಸಂಜೆ ಹೊಸ ಬಟ್ಟೆ ಉಡಿಸಿ, ಶರಬತ್ತಿನ ಲೋಟದೊಳಗೆ ಬೆಳ್ಳಿಯುಂಗುರ ಹಾಕಿ ಕುಡಿಸುತ್ತಾರೆ. ಹೆಂಗಸರು ಸಂಭ್ರಮಕ್ಕೆ ನಾಲಿಗೆ ಆಡಿಸಿ ಲುಲುಲು ಎಂದು ಉಲಿಯುತ್ತಾರೆ. ಹೋದ ವರ್ಷ ನನ್ನ ತಮ್ಮನ ಮಗಳು ನಿಹಾದಳಿಗೆ ಆಯಿತು. ಉಂಗುರವನ್ನು ದಾರಕ್ಕೆ ಕಟ್ಟಿ ಕೊರಳಲ್ಲಿ ಮೆರೆಸಿಕೊಂಡು ತಿರುಗುತ್ತಾಳೆ. ಇಕ್ರಾಮಳಿಗೆ ಡಾಕ್ಟರು ಉಪವಾಸ ಬೇಡವೆಂದಿದ್ದರು, ಇಮಾಮರೂ ಬೇಡವೆಂದಿದ್ದರು.

ರಾಬಹನ ಅಂಗಡಿಗೆ ಹಾರಿದೆ. ಬ್ಯಾಟರಿ ತುಂಬಿತ್ತು. ಸಕ್ಕರೆಯ ಅಂಕಿಯ ಜಾಗದಲ್ಲಿ ಬರೀ ಗೆರೆ. ಬ್ಲೂಟೂತ್ ಬಂದ್.

"ನೀನೇನೋ ಆರಿಸಿದ್ದು, ಕತ್ತೆ!"

"ದೇವರಾಣೆ ನಾನು ಮುಟ್ಟಿಲ್ಲ! ನೀನು ತಂದಾಗಲೇ ಬ್ಯಾಟರಿ ಅರ್ಧಕ್ಕಿಂತ ಜಾಸ್ತಿ ಇತ್ತು. ಸುಮ್ಮನೆ ಯಾಕೆ ಹಾಕ್ತಾನೆ ಅಂದ್ಕೊಂಡೆ."

ಬ್ಲೂಟೂತ್ ಆರಿಸಿದ್ದು ಅವಳೇ. ಬಿಲ್ಲೆ ಸಿಗದೆ ಫೋನು ಕೂಗಿದ್ದನ್ನು ಬ್ಯಾಟರಿಯ ಕೂಗೆಂದು ನಂಬಿಸಿದ್ದಳು, ನಾನು ನಂಬಿದ್ದೆ.

ಬ್ಲೂಟೂತ್ ಹಾಕಿ ಫೋನನ್ನು ಅವಳ ತೋಳಿಗೊತ್ತಿ ನಿಂತೆ. ಗೆರೆ. ಮತ್ತೆ ಗೆರೆ. ಹಿಂದೆ ಎಣ್ಣೆ ಹೊಗೆಯೇಳುತ್ತಿತ್ತು. ಸಾಲಿನಿಂದ ಯಾರೋ "ಸೀದು ಹೋಯ್ತಯ್ಯಾ!" ಎಂದರು. "ನಿನ್ನ ತಲೆ ಸೀದು ಹೋಗ್ಲಿ!" ಎಂದೆ. ಅಷ್ಟರಲ್ಲಿ ಅಂಕಿ ಕೆಂಪಗೆ ಮೂಡಿತು. ಫೋನು ಬೀದಿಗೆಲ್ಲ ಕೇಳುವಂತೆ ಕಿರುಚಿತು.

"ಕುಡಿಯೇ!"

"ಇನ್ನೇನು ಅಜಾನ್ ಆಗುತ್ತೆ ಮಾಮ..." ಮಾತು ತೊದಲುತ್ತಿತ್ತು.

ಹೊಡೆಯಬೇಕೆನ್ನಿಸಿತು. ಹೊಡೆದರೆ ಹಲ್ಲು ಇನ್ನಷ್ಟು ಕಚ್ಚುತ್ತಾಳೆ. ನನ್ನ ಬೆರಳಲ್ಲಿ ಅಪ್ಪನ ಬೆಳ್ಳಿಯುಂಗುರವಿತ್ತು. ಎಣ್ಣೆಗೈ, ಎಳೆದ ಕೂಡಲೇ ಜಾರಿ ಬಂತು. ಅವಳ ಕಣ್ಣ ಮುಂದೆಯೇ ಲೋಟಕ್ಕೆ ಹಾಕಿದೆ. ಟಣ್ ಎಂದಿತು.

"ನೋಡು. ಉಂಗುರ ಇಲ್ಲಿದೆ. ಈಗ ಕುಡಿದರೆ ನಿಂದು. ಕುಡೀದೆ ನೀನು ಬಿದ್ದರೆ ನಂದು."

ಇಕ್ರಾಮ್ ಲೋಟ ನೋಡಿದಳು, ಸಾಲು ನೋಡಿದಳು. ಸಾಲಿನಲ್ಲಿದ್ದ ಮುದುಕಿಯೊಬ್ಬಳು ಚೀಲ ಕೆಳಗಿಟ್ಟು, "ಕುಡಿಯಮ್ಮ, ನಾವೆಲ್ಲ ಸಾಕ್ಷಿ" ಎಂದಳು. ಬಾಯಿ ತೆರೆಯಿತು. ಮೊದಲ ಗುಟುಕು ಇಳಿಯುವಾಗ ಮುದುಕಿ ನಾಲಿಗೆ ಆಡಿಸಿ ಉಲಿದೇಬಿಟ್ಟಳು. ಒಣಗಂಟಲಿನ ಒಡಕು ದನಿ. ಆದರೂ ಬೀದಿಯಲ್ಲಿದ್ದ ಬೇರೆ ಹೆಂಗಸರೂ ದನಿಗೂಡಿಸಿದರು.

ಅಂಕಿ ಮೆಲ್ಲಗೆ ಏರಿತು. ಬೈಗುಳ ಆಮೇಲೆ ಶುರುಮಾಡಿದೆ. ಅವಳಿಗೂ, ರಾಬಹನಿಗೂ, ಸಾಲಿನಲ್ಲಿದ್ದವರಿಗೂ ಪಾಲು ಸಿಕ್ಕಿತು.

ಅಜಾನ್ ಕೇಳಿದಾಗ ಎಲ್ಲರೂ ಖರ್ಜೂರ ಬಾಯಿಗಿಟ್ಟರು. ನಾನು ಫೋನು ನೋಡುತ್ತಿದ್ದೆ.

"ಮಾಮ, ಇದು ಲೆಕ್ಕಕ್ಕೆ ಬರುತ್ತಾ?" ಹೆಬ್ಬೆರಳಿಗೂ ದೊಡ್ಡದಾದ ಅಂಟು ಉಂಗುರ ತಿರುಗಿಸುತ್ತ ಕೇಳಿದಳು.

"ನಂಗೊತ್ತಿಲ್ಲ. ಬ್ಲೂಟೂತ್ ಮುಟ್ಟಿದರೆ ಮಾತ್ರ ಉಂಗುರ ವಾಪಸ್."

ರಾಬಹ ನೀರಿನ ಶೀಶೆ ಹಿಡಿದು ಬಂದು ಇಣುಕಿದ. ಹಾಕಿದಾಗಿನಿಂದ ಬ್ಲೂಟೂತ್ ಉರಿಯುತ್ತಲೇ ಇತ್ತು, ಬ್ಯಾಟರಿ ಹೆಚ್ಚೇನೂ ಇಳಿದಿರಲಿಲ್ಲ. ಫೋನನ್ನು ಅವನ ಮೂಗಿನ ಮುಂದೆ ಹಿಡಿದು ತೋರಿಸಿದೆ.

"ಹೊಸ ಫೋನಲ್ವಾ ಅಣ್ಣ, ಅದಕ್ಕೇ" ಎಂದ, ಕತ್ತೆ.