ಮಿಲಿಟ್ರಿ ಹಾಸಿದ ಹಾಸಿಗೆ

ಮಿಲಿಟ್ರಿ ಹಾಸಿಗೆ ಹಾಸಿದನೆಂದರೆ ಅದರ ಮೇಲೆ ಕೂತ ನೊಣ ಕಾಲು ಜಾರಿ ಸೊಂಟ ಮುರಿದುಕೊಳ್ಳುತ್ತಿತ್ತು. ಪಕ್ಕದ ಮನೆಯ ಬೆಕ್ಕು ಒಮ್ಮೆ ಹಾರಿ ಕೂರಲು ಹೋಗಿ, ಸರ್ರನೆ ಜಾರಿ ಕಿಟಕಿಯಾಚೆ ಬಿದ್ದದ್ದು, ಆಮೇಲೆ ಈ ಬೀದಿಗೇ ತಲೆಹಾಕಲಿಲ್ಲ. ಇಸ್ತ್ರಿ ಅಂಗಡಿಯವನಂತೂ ಆ ಕಂಬಳಿಯ ಅಂಚು ನೋಡಿ ಹೊಟ್ಟೆಕಿಚ್ಚಿಗೆ ಊಟ ಬಿಟ್ಟಿದ್ದ. ಸುಳ್ಳೆನಿಸಿದರೆ ಬೆಕ್ಕನ್ನೇ ಕೇಳಿ.

ಸೈನ್ಯದಲ್ಲಿ ಅರ್ಧ ಆಯುಸ್ಸು ಸವೆಸಿ ಬಂದ ಅವನನ್ನು ಊರೆಲ್ಲ ಕರೆದದ್ದು ಮಿಲಿಟ್ರಿ ಅಂತಲೇ. ಯುದ್ಧದ ಕಥೆ ಕೇಳಿದರೆ "ಅಲ್ಲಿ ವಿಪರೀತ ಚಳಿ" ಅಂದು ಯುದ್ಧವನ್ನೇ ಮುಗಿಸಿಬಿಡುತ್ತಿದ್ದ. ಬೆಳಗೆದ್ದು ಕಂಬಳಿಯನ್ನು ಹಾಸಿಗೆಯಡಿ ಸಿಕ್ಕಿಸುವುದೊಂದರಲ್ಲೇ ಅವನ ಶೌರ್ಯ. "ಇದು ಹಾಸಿಗೆಯೋ ನಗಾರಿಯೋ? ಮನುಷ್ಯರು ಮಲಗೋದು ಬೇಡ್ವಾ?" ಎಂದು ಹೆಂಡತಿ ಮದುವೆಯಾದಾಗಿನಿಂದ ಬೈದದ್ದೇ ಬೈದದ್ದು.

ಈಗ ಅವನಿಲ್ಲ, ಅವಳಿಗೆ ನಿದ್ದೆಯಿಲ್ಲ. ಅವನ ಹಾಗೇ ಹಾಸಲು ಮಂಡಿಯೂರಿ ಕಂಬಳಿ ಎಳೆದಳು, ಮಗಳನ್ನು ಹಾಸಿಗೆಯ ಮೇಲೆ ಕೂರಿಸಿ ಎಳೆದಳು. ಎಷ್ಟು ಎಳೆದರೂ ಕಂಬಳಿ ಸಡಿಲವೇ. ಇನ್ನೊಮ್ಮೆ, ಒಂದೇ ಒಂದು ಸಲ ಅವನು ಹಾಸಿದಂಥ ಹಾಸಿಗೆಯಲ್ಲಿ ಮಲಗಬೇಕು. ಅವಳ ಆಸೆ ಅಷ್ಟೇ.

ಅಂಥದ್ದರಲ್ಲಿ ಒಂದು ಮಧ್ಯಾಹ್ನ ಪಿರಂಗಿ ಬಂದ. ಮಿಲಿಟ್ರಿಯ ಜೊತೆ ಸೈನ್ಯಕ್ಕೆ ಸೇರಿದವನು. ಕೆಮ್ಮಿದರೆ ಆಚೆ ಬೀದಿಯ ಪಾರಿವಾಳಗಳು ಹಾರುವಷ್ಟು ಗಂಟಲು.

"ಅತ್ತಿಗೇ, ಏನು ಬೇಕಾದ್ರೂ ಕೇಳಿ. ಪ್ರಾಣ ಬೇಕಾದ್ರೂ ಕೊಟ್ಟೆ!"

"ಪ್ರಾಣ ನೀನೇ ಇಟ್ಕೊಳಪ್ಪ. ಹಾಸಿಗೆ ಹಾಸಿಕೊಡು."

ಪಿರಂಗಿ ಅಂಗಿಯ ತೋಳು ಮಡಿಚಿದ. ನೆಟ್ಟಗೆ ಒಳಗೆ ಹೋದ. ಕಂಬಳಿ ಕೊಡವಿ, ಮೂಲೆಗಳನ್ನು ಮಡಿಚಿ, ಅಂಗೈಯಿಂದ ಪಟಪಟನೆ ಬಡಿದು ಸಿಕ್ಕಿಸಿದ. "ನೋಡಿ! ಇಬ್ರೂ ಒಬ್ಬನೇ ಉಸ್ತಾದನ ಹತ್ರ ಒದೆ ತಿಂದು ಕಲಿತಿದ್ದು. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ."

ಅವಳು ತಾನು ಮಲಗುವ ಮಗ್ಗುಲಿಗೆ ಬಂದು ಕೂತು, ಕಂಬಳಿಯೊಳಗೆ ಕಾಲು ತೂರಿಸಲು ನೋಡಿದಳು. ಹೋಗಲಿಲ್ಲ. ಇನ್ನೊಮ್ಮೆ ನೂಕಿದಳು. ಊಹೂಂ.

"ಈ ಕಡೆ ಯಾಕಪ್ಪ ಇಷ್ಟು ಬಿಗಿ?"

"ಎರಡೂ ಕಡೆ ಒಂದೇ, ಅತ್ತಿಗೆ. ಒಂದು ಕಡೆ ಸಡಿಲ ಬಿಟ್ರೆ ಇಡೀ ತುಕಡಿಗೆ ಶಿಕ್ಷೆ."

"ಅವರು ಬಿಡ್ತಿದ್ರು."

"ಯಾರು, ಅವನಾ? ಆಕಾಶ ಕಳಚಿ ಬಿದ್ರೂ ಬಿಡೋ ಆಸಾಮಿ ಅಲ್ಲ!"

"ನನ್ನ ಕಡೆ ಬಿಡ್ತಿದ್ರು ಕಣೋ," ಅಂದಳು. "ದಿನಾ ಬೈಕೊಂಡೇ ಮಲಗ್ತಿದ್ದೆ. ಕಾಲು ಮಾತ್ರ ತಾನೇ ಒಳಗೆ ಹೋಗ್ತಿತ್ತು. ಹೇಗೆ ಹೋಗ್ತಿತ್ತು ಅಂತ ಒಂದು ದಿನಾನೂ ಯೋಚಿಸ್ಲಿಲ್ಲ."

ಪಿರಂಗಿ ಆ ಅಂಚು ಬಿಚ್ಚಲು ಬಗ್ಗಿದ. ಅವಳು ಕೈ ಅಡ್ಡ ಹಿಡಿದಳು. ತಾನೇ ಒಂದು ಗೇಣು ಸಡಿಲಿಸಿ ಕಾಲಿಟ್ಟು ನೋಡಿದಳು. ಜಾಸ್ತಿಯಾಯಿತು. ನಾಲ್ಕು ಬೆರಳಷ್ಟು ಒಳಗೆ ತುರುಕಿದಳು, ಕಡಿಮೆಯಾಯಿತು.

"ಸರಿಹೋಯ್ತಾ ಅತ್ತಿಗೆ?" ಪಿರಂಗಿ ಪಿಸುಗುಟ್ಟಿದ.

"ಇರಪ್ಪ," ಎಂದು ಅವಳು ಮತ್ತೆ ಅಂಚು ಬಿಚ್ಚಿದಳು. "ಇನ್ನೊಂಚೂರು... ಎಷ್ಟು ಬಿಡ್ತಿದ್ರೋ ಏನೋ."